ಆಸರಕಟ್ಟೆಗೆ ಆ ಹೆಸರು ಬಂದದ್ದು

ಘಟ್ಟ ಹತ್ತುವ ರಸ್ತೆ ಶುರುವಾಗುವಲ್ಲಿ ಎಡಕ್ಕೊಂದು ಕೆಂಪುಕಲ್ಲಿನ ಕಟ್ಟೆ, ಅದರ ಬೆನ್ನಿಗೊಂದು ಗೋಳಿಮರ. ಬಸ್ಸಿನವರು ‘ಆಸರಕಟ್ಟೆ, ಆಸರಕಟ್ಟೆ’ ಎಂದು ಕೂಗಿ ಇಳಿಸಿ ಹೋಗುತ್ತಾರೆ. ಆಸರು ಅಂದರೆ ಏನೆಂದು ಕೇಳಿದರೆ ಈಗಿನವರು ಬಾಯಿ ಬಾಯಿ ಬಿಡುತ್ತಾರೆ. ಬಾಯಾರಿಕೆಗೆ ಹಿಂದಿನವರು ಅನ್ನುತ್ತಿದ್ದ ಮಾತು ಅದು. ಯಾರ ಬಾಯಾರಿಕೆ ಎಂಬುದನ್ನು ಮಾತ್ರ ಕೆಳಮನೆಯವರು ಇಂದಿಗೂ ಸೆರಗಿನಡಿ ಮುಚ್ಚಿಡುತ್ತಾರೆ. ಊರಿಗೆಲ್ಲ ಗೊತ್ತಿರುವುದನ್ನು ಮುಚ್ಚುವುದೆಂತು?

ಹಿಂದೆ ಒಮ್ಮೆ, ಉಪ್ಪು ಎತ್ತಿನ ಬೆನ್ನೇರಿ ಘಟ್ಟ ಹತ್ತುತ್ತಿದ್ದ ಕಾಲದಲ್ಲಿ, ಕೆಳಮನೆಯ ದುಗ್ಗಕ್ಕ ತೀರಿಹೋದ ಮಗನ ಹೆಸರಿನಲ್ಲಿ ಇಲ್ಲಿ ನೀರು ಕೊಡುವ ಹರಕೆ ಹೊತ್ತಳು ಎನ್ನುತ್ತಾರೆ. ಹರಕೆ ಹೊತ್ತವಳು ಅತ್ತೆ. ಕೊಡಪಾನ ಹೊತ್ತವಳು ವಿಧವೆ ಸೊಸೆ ಅಕ್ಕಣಿ. ಇಪ್ಪತ್ತು ತುಂಬಿರಲಿಲ್ಲ ಆ ಹೆಣ್ಣಿಗೆ. ಹರಕೆಗೊಂದು ಕಟ್ಟುಪಾಡು ಇತ್ತು: ಬಂದವರ ಕೈಗೆ ಬೆಲ್ಲದ ತುಂಡು ಹಾಕಬೇಕು, ಅವರು ತಲೆ ಎತ್ತುವವರೆಗೆ ಬೊಗಸೆಗೆ ನೀರು ಹೊಯ್ಯಬೇಕು, ಹೆಸರು ಕೇಳಬಾರದು. ಕೇಳಿದರೆ ಆ ನೀರು ಸತ್ತವನಿಗೆ ಮುಟ್ಟುವುದಿಲ್ಲವಂತೆ.

ತಿಂಗಳಿಗೊಮ್ಮೆ ಬರುವ ಉಪ್ಪಿನವನೊಬ್ಬನಿದ್ದ. ಅವನಿಗೆ ಬೀಳುವ ಬೆಲ್ಲದ ತುಂಡು ದಿನ ಹೋದಂತೆ ದೊಡ್ಡದಾಯಿತು. ದುಗ್ಗಕ್ಕನ ಕಣ್ಣೇನು ಕುರುಡೇ? “ಎಂತ ಹೆಣ್ಣೇ, ತಿಂಗಳಿಗೊಂದೇ ದಿನ ಬೆಲ್ಲದ ಮಡಕೆ ಖಾಲಿಯಾಗ್ತದಲ್ಲ, ಆ ದಿನದ ಇರುವೆಗೆ ಮೀಸೆ ಉಂಟಾ?” ಎಂದಳು. ಅಕ್ಕಣಿ ತಲೆ ತಗ್ಗಿಸಿದಳು, ತುಂಡು ಸಣ್ಣದು ಮಾಡಲಿಲ್ಲ.

ಒಂದು ಮಧ್ಯಾಹ್ನ ಅವನು ಮೆಲ್ಲಗೆ, “ಬಪ್ಪ ತಿಂಗಳು ಬಂದಾಗ ನನ್ನ ಹೆಸರು ಕೇಳು. ಕೇಳಿದೆಯೋ, ನಿನ್ನನ್ನು ಕರೆದುಕೊಂಡೇ ಘಟ್ಟ ಹತ್ತುತ್ತೇನೆ,” ಎಂದು ಹೋದ.

ಹೇಳಿದಂತೆ ಬಂದ, ಬೊಗಸೆ ಒಡ್ಡಿದ. ಕುಡಿದ, ಕುಡಿದ, ತಲೆ ಎತ್ತಲಿಲ್ಲ. ಒಂದು ಕೊಡಪಾನ ಮುಗಿಯಿತು. ಯಾವ ಗಂಡಸಿಗೆ ಅಷ್ಟು ಆಸರಾಗುತ್ತದೆ ಮಾರಾಯರೇ! ಅಕ್ಕಣಿ ಎರಡನೆಯದನ್ನು ಎತ್ತಿದಳು. ನೀರು ಅವನ ಮೊಣಕೈಯಿಂದ ಇಳಿದು ಕಾಲಬುಡ ಕೆಸರಾಯಿತು. ಕೇಳುವ ಮಾತು ಅವಳ ನಾಲಗೆಯ ತುದಿಯಲ್ಲೇ ಇತ್ತು. ಜ್ವರದಲ್ಲಿ ‘ನೀರು, ನೀರು’ ಎನ್ನುತ್ತಲೇ ಪ್ರಾಣ ಬಿಟ್ಟ ಗಂಡನ ಒಣತುಟಿ ಕಣ್ಣ ಮುಂದೆ ಬಂತು. ಮಾತು ಅಲ್ಲೇ ನಿಂತಿತು. ಕೊಡಪಾನ ಬರಿದಾಯಿತು. ಅವನು ಮುಖ ಒರೆಸಿಕೊಂಡು ಎತ್ತು ಹೊಡೆದುಕೊಂಡು ಹೋದ.

ಇನ್ನು ಕೇಳಿಯೇ ಬಿಡುವುದೆಂದು ಅವಳು ಮನಸ್ಸು ಗಟ್ಟಿಮಾಡಿದ ತಿಂಗಳು ಅವನು ಬರಲಿಲ್ಲ. ಅದರಾಚೆಗೂ ಇಲ್ಲ. ಬೇರೆ ಉಪ್ಪಿನವರನ್ನು ವಿಚಾರಿಸಿದರೆ, “ಯಾರು? ಹೆಸರೆಂತ?” ಎಂದರು. ಹೆಸರು ಅವಳ ಬಳಿ ಎಲ್ಲಿತ್ತು? “ಆಸರಿನವ,” ಎಂದಳಂತೆ. “ಇಲ್ಲಿಗೆ ಬಪ್ಪವರೆಲ್ಲ ಆಸರಿನವರೇ ಅಲ್ದಾ ತಂಗಿ!” ಎಂದು ನಕ್ಕರು. ನಕ್ಕವರೇ ಆ ಮಾತನ್ನು ಘಟ್ಟದ ಮೇಲಿನ ಸಂತೆಗಳಿಗೆ ಒಯ್ದರು. ಆಸರಿನವನ ಕಟ್ಟೆ ನಾಲಗೆಗಳಲ್ಲಿ ಸವೆದು ಆಸರಕಟ್ಟೆಯಾಯಿತು. ಅವನ ಕಿವಿಗೆ ಬಿತ್ತೋ ಇಲ್ಲವೋ, ಕಂಡವರಿಲ್ಲ. ಅತ್ತೆ ಸತ್ತ ಮೇಲೆ ಅಕ್ಕಣಿ ಕಟ್ಟು ಮುರಿದು, ಕಣ್ಣು ಮಂಜಾಗುವವರೆಗೂ ಬಂದವರ ಹೆಸರನ್ನೆಲ್ಲ ಕೇಳುತ್ತಲೇ ಇದ್ದಳು ಎನ್ನುತ್ತಾರೆ.

ಬೇಸಿಗೆಯಲ್ಲಿ ಹೋದರೆ ಈಗಲೂ ಕೆಳಮನೆಯ ಸೊಸೆಯೊಬ್ಬಳು ಅಲ್ಲಿ ಚೊಂಬು ಹಿಡಿದು ನಿಂತಿರುತ್ತಾಳೆ. ನೀರಿಗೆ ಮೊದಲು “ಹೆಸರೆಂತ?” ಎನ್ನುತ್ತಾಳೆ. ಯಾವ ಹೆಸರಾದರೂ ಸರಿ. ಕೇಳದೆ ಮಾತ್ರ ಯಾರನ್ನೂ ಘಟ್ಟ ಹತ್ತಲು ಬಿಡುವುದಿಲ್ಲ.