ಬೀಗದ ಕೈ ಬಿಡದ ಮಾಚಾರಿ

ಹೊಂಗೂರಿನ ಅರಸರು ಡಂಗುರ ಸಾರಿಸಿದರು: "ಬೀಗದ ಮಾಚಾರಿ ತನ್ನ ಅಚ್ಚುಗಳನ್ನು ಉಳಿದ ಕಮ್ಮಾರರಿಗೂ ತೋರಿಸಿ ರಾಜಿಯಾಗಲಿ, ಅಂಗಡಿ ಅವನಿಗೇ ಇರಲಿ. ಒಪ್ಪದಿದ್ದರೆ ಅವನ ಕಡೆಯ ಮೂವರು ಬಂದು ನಮ್ಮ ಮೂರು ಒಗಟು ಬಿಡಿಸಲಿ. ತಪ್ಪಿದವರ ತಲೆ ಹೋಗುವುದು. ಮೂವರೂ ತಪ್ಪಿದರೆ ಮಾಚಾರಿಯ ತಲೆಯೂ. ಬಿಡಿಸಿದವರಿಗೆ ಅಂಗಡಿ, ಅಚ್ಚು ಎಲ್ಲವೂ ಸೇರುವುದು."

ಇದಕ್ಕೆ ಕಾರಣ ಹೇಳಬೇಕು. ನಾಡಿನ ಬೀಗಗಳೆಲ್ಲ ಮಾಚಾರಿಯವೇ. ಒಳ್ಳೆಯ ಬೀಗಗಳು, ಸುಳ್ಳಲ್ಲ. ಆದರೆ ಅವು ಅವನ ಬಾಗಿಲಿಗೆ ಮಾತ್ರ ಕೂರುತ್ತಿದ್ದವು. ಅಂದರೆ, ಬೀಗ ಬೇಕೆಂದವರು ಬಾಗಿಲನ್ನೂ ಅವನಲ್ಲೇ ಕೊಳ್ಳಬೇಕಿತ್ತು. ಊರಿನ ಬಡಗಿಗಳು ಕೆಲಸವಿಲ್ಲದೆ ಕೂತಿದ್ದರು.

ಅವನಲ್ಲಿ ಬೀಗದ ಕೈಗಳನ್ನು ಉಜ್ಜುತ್ತಿದ್ದ ಬೊಮ್ಮಿ, "ಯಜಮಾನ್ರೇ, ರಾಜಿ ಆಗಿಬಿಡಿ" ಎಂದಳು. ಒಂದೇ ಸಲ, ಅದೂ ಮೆಲ್ಲಗೆ. ಕೆಲಸ ಕಲಿಸಿದವನಿಗೆ ಎದುರಾಡಲು ಅವಳಿಗೆ ಅಂಜಿಕೆ.

"ನೀನು ಕಬ್ಬಿಣ ಉಜ್ಜು, ನನ್ನ ತಲೆ ತಿನ್ನಬೇಡ. ಇಬ್ಬರು ಪಂಡಿತರನ್ನ ಗೊತ್ತುಮಾಡಿದ್ದೀನಿ, ಮೂರನೆಯವನ ಸರದಿಯೇ ಬರಲ್ಲ. ಅಂಗಡಿ ಗೆದ್ದು ನನಗೇ ಕೊಡ್ತಾರೆ."

ಸಭೆಯಲ್ಲಿ ಅರಸರು ಕೇಳಿದರು: "ಮನೆಮನೆಯಲ್ಲೂ ಒಂದು ಕೈಯಿದೆ. ಉಣ್ಣದು, ದುಡಿಯದು. ಕಳೆದರೆ ಮನೆಯವರೇ ಬೀದಿಗೆ. ಯಾವುದದು?"

"ಪ್ರಭುಗಳ ಅಭಯಹಸ್ತ!" ಎಂದ ಮೊದಲ ಪಂಡಿತ. ಭಟರು ಎಳೆದೊಯ್ದರು. "ದೇ... ದೇವರ ಕೈ," ಎಂದ ಎರಡನೆಯವನು. ಅವನನ್ನೂ ಎಳೆದೊಯ್ದರು. ಸರಿಯುತ್ತರ ಇಬ್ಬರ ಸೊಂಟದಲ್ಲೂ ನೇತಾಡುತ್ತಿತ್ತು.

ಮಾಚಾರಿಯ ಮುಖ ಬಿಳಿಚಿತು. ಮೂರನೆಯವರು ಯಾರೂ ಏಳಲಿಲ್ಲ. ಬೊಮ್ಮಿ ಎದ್ದಳು.

"ಬೀಗದ ಕೈ, ಸ್ವಾಮಿ."

"ಒಂದು ಕೇಳಿದವನಿಗೆ ಎರಡು ಹೊರಿಸುತ್ತಾರೆ. ಎರಡನೆಯದು ಬೇಡವೆಂದರೆ ಮೊದಲನೆಯದೂ ಇಲ್ಲ. ಏನದು?"

ಅವಳು ಯಜಮಾನನನ್ನು ನೋಡಿದಳು. ಉತ್ತರ ಹೇಳಿದರೆ ಅವನ ತಪ್ಪನ್ನೇ ಹೇಳಿದಂತೆ. ಹೇಳದಿದ್ದರೆ ಅವನ ತಲೆ ಉಳಿಯದು. "ನಮ್ಮ ಅಂಗಡಿಯ ಬೀಗ, ಬಾಗಿಲು," ಎಂದಳು.

"ಬೇಗ ಆದರೆ ಕೊಟ್ಟವನಿಗೂ ಪಾಲು ಉಳಿಯುತ್ತದೆ. ತಡವಾದರೆ ಕೊಡಲೂ ಏನೂ ಉಳಿಯುವುದಿಲ್ಲ. ಏನದು?"

ಬೊಮ್ಮಿ ಈ ಸಲ ಯಜಮಾನನ ಕಡೆ ನೋಡಲಿಲ್ಲ. "ರಾಜಿ," ಎಂದಳು.

ಅರಸರು ಅಚ್ಚುಗಳನ್ನು ಅವಳ ಮುಂದಿಡಿಸಿದರು. ಪಂಡಿತರ ತಲೆಗಳನ್ನು ಉಳಿಸಿ ಎಂದು ಅವಳು ಬೇಡಿದಳು, ಅದೂ ಸಿಕ್ಕಿತು.

"ಯಜಮಾನ್ರೇ, ಅಚ್ಚು ಎಲ್ಲರೂ ನೋಡಲಿ. ಅಂಗಡಿ ನಿಮ್ಮದೇ, ಬನ್ನಿ."

"ನನ್ನ ಅಂಗಡಿಗೆ ನೀನು ನನ್ನನ್ನ ಕರೀತೀಯೇನೇ?" ಎಂದು ಮಾಚಾರಿ ಊರು ಬಿಟ್ಟು ನಡೆದ.

ಮರುವಾರದಿಂದ ಕಮ್ಮಾರರೂ ಬಡಗಿಗಳೂ ಬೊಮ್ಮಿಯ ಅಂಗಡಿಗೆ ಬಂದು ಕಲಿತರು. ಎಲ್ಲರೂ ಅವಳ ಜಾಣತನ ಹೊಗಳಿದರು. ಅವಳು ಮಾತ್ರ, ಆ ದಿನ ಇನ್ನೊಂದು ಸಲ, ಗಟ್ಟಿಯಾಗಿ ಹೇಳಬೇಕಿತ್ತು ಎಂದುಕೊಳ್ಳುತ್ತಿದ್ದಳು.