ರಿಜಿಸ್ಟ್ರಿ ತೊಳೆದ ಶಿಷ್ಯ

ಮಲಪ್ರಭೆಯ ದಂಡೆಯ ಆ ಆಶ್ರಮದಲ್ಲಿ ಇದ್ದದ್ದು ಒಂದೇ ಕಂಪ್ಯೂಟರ್. ಅದನ್ನು ಒರೆಸಿ, ಬಟ್ಟೆ ಮುಚ್ಚಿ, ಜೋಪಾನ ಮಾಡುವ ಕೆಲಸ ಅಡಿವೆಪ್ಪನದು.

ಅಡಿವೆಪ್ಪ ಆರು ವರ್ಷದಿಂದ ಆಶ್ರಮದ ಗುರು ನಿರ್ವಾಣಯ್ಯ ಅಜ್ಜನವರ ಶಿಷ್ಯ. ವಯಸ್ಸು ನಲವತ್ತು ದಾಟಿತ್ತು. ಎಲ್ಲಿಯೂ ಒಂದು ಕಲೆ ಉಳಿಯಬಾರದು ಎನ್ನುವ ಮನುಷ್ಯ.

ಕಂಪ್ಯೂಟರನ್ನು ಬಳಸುತ್ತಿದ್ದವರು ಮಾತ್ರ ಬಸಲಿಂಗವ್ವ. ಮೂವತ್ತು ವರ್ಷ ಹಳ್ಳಿಹಳ್ಳಿ ತಿರುಗಿ ಹೆರಿಗೆ ಮಾಡಿಸಿದ ನರ್ಸ್. ನಿವೃತ್ತಿಯಾದ ಮೇಲೆ ಅವರ ಎರಡೂ ಕಣ್ಣು ಹೋದವು. ಈಗ ಆಶ್ರಮದಲ್ಲಿ ಕೂತು, ಹೊಸದಾಗಿ ಕೆಲಸಕ್ಕೆ ಸೇರುವ ನರ್ಸುಗಳಿಗಾಗಿ ತಮಗೆ ಗೊತ್ತಿದ್ದದ್ದನ್ನೆಲ್ಲ ಬರೆದಿಡುತ್ತಿದ್ದರು.

ಅವರು ಒತ್ತಿದ ಅಕ್ಷರವನ್ನು ಕಂಪ್ಯೂಟರ್ ಕನ್ನಡದಲ್ಲಿ ಹೇಳುತ್ತಿತ್ತು. ಅದನ್ನು ಕೇಳಿಸಿಕೊಂಡು ಮುಂದಿನದನ್ನು ಒತ್ತುತ್ತಿದ್ದರು.

ಒಂದು ಮಧ್ಯಾಹ್ನ ಅಡಿವೆಪ್ಪ ಧೂಳು ಒರೆಸುತ್ತಿದ್ದಾಗ ಪರದೆಯ ಮೇಲೆ ಕೆಂಪು ಅಕ್ಷರಗಳು ಮೂಡಿದವು. ‘ನಿಮ್ಮ ರಿಜಿಸ್ಟ್ರಿಯಲ್ಲಿ ೧೩೦೬ ತಪ್ಪುಗಳಿವೆ. ಕೂಡಲೇ ಸ್ವಚ್ಛಗೊಳಿಸಿ.’

ಯಾವ ತಂತ್ರಾಂಶ ಎಲ್ಲಿದೆ, ಅದು ಹೇಗೆ ನಡೆಯಬೇಕು ಎಂದು ಕಂಪ್ಯೂಟರ್ ತನಗಾಗಿ ಬರೆದಿಟ್ಟುಕೊಳ್ಳುವ ದಫ್ತರವೇ ರಿಜಿಸ್ಟ್ರಿ. ಅಷ್ಟು ಅಡಿವೆಪ್ಪನಿಗೆ ಗೊತ್ತಿತ್ತು. ಅದಕ್ಕಿಂತ ಹೆಚ್ಚು ಗೊತ್ತಿರಲಿಲ್ಲ.

ಸಾವಿರದ ಮುನ್ನೂರಾ ಆರು ತಪ್ಪು! ತಾನು ದಿನವೂ ಒರೆಸುವ ಯಂತ್ರದ ಹೊಟ್ಟೆಯೊಳಗೆ! ನಾಚಿಕೆಯಿಂದ ಅವನ ಮುಖ ಬಿಸಿಯಾಯಿತು.

ಪರದೆ ತೋರಿಸಿದ ಸ್ವಚ್ಛತೆಯ ತಂತ್ರಾಂಶವನ್ನು ಇಳಿಸಿಕೊಂಡ. ಉದ್ದನೆಯ ಪಟ್ಟಿ ಬಂತು. ಸಾಲುಸಾಲಿಗೂ ‘ವಾರಸುದಾರರಿಲ್ಲ’ ಎಂದಿತ್ತು. ಪಟ್ಟಿಯನ್ನು ಓದುವ ಗೋಜಿಗೆ ಹೋಗದೆ ‘ಎಲ್ಲ ಅಳಿಸು’ ಒತ್ತಿದ.

‘ತಪ್ಪುಗಳು: ೦’ ಎಂದು ಹಸಿರು ಅಕ್ಷರ ಬಂತು. ಅಡಿವೆಪ್ಪನಿಗೆ ಹೊಳೆಯಲ್ಲಿ ಮಿಂದು ಬಂದಷ್ಟು ಹಗುರವಾಯಿತು.

ಮರುದಿನ ಬೆಳಿಗ್ಗೆ ಬಸಲಿಂಗವ್ವ ಬಂದು ಕೂತರು. ಒಂದು ಅಕ್ಷರ ಒತ್ತಿದರು. ಇನ್ನೊಂದು ಒತ್ತಿದರು.

“ಅಡಿವೆಪ್ಪಾ, ಇದು ಚಾಲೂ ಆಗೇದೇನು?”

“ಆಗೇದ್ರಿ ಅವ್ವಾರ.”

“ಮತ್ತ ಯಾಕ ಮಾತಾಡವಲ್ದು?”

ಅವನು ತಂತಿ ನೋಡಿದ, ಸ್ಪೀಕರ್ ನೋಡಿದ. ಎಲ್ಲ ಸರಿಯಿತ್ತು. ಕೊನೆಗೆ ನಿನ್ನೆ ಮಾಡಿದ್ದನ್ನು ಹೇಳಿದ.

ಬಸಲಿಂಗವ್ವ ಎದ್ದು ನಿಂತರು.

“ಕಣ್ಣ ಹೋದಾಗ ನಾ ಅಳಲಿಲ್ಲ. ದೇವರ ಕಸಗೊಂಡಾನಂತ ಸುಮ್ಮನಾದೆ. ಇದನ್ನ ದೇವರ ಕಸಗೊಂಡಿಲ್ಲ, ನೀ ಕಸಗೊಂಡಿ!”

ಅಡಿವೆಪ್ಪನಿಗೂ ರೇಗಿತು. “ನಾ ಒಳ್ಳೇದಕ್ಕ ಮಾಡೀನ್ರಿ. ಅಷ್ಟು ಹೊಲಸು ತುಂಬಿತ್ತು. ಕಂಡೂ ಕಾಣದಂಗ ಬಿಡಬೇಕಿತ್ತೇನ್ರಿ?”

ಗದ್ದಲ ಕೇಳಿ ಅಜ್ಜನವರು ಬಂದರು. ನಡೆದದ್ದನ್ನು ಪೂರ್ತಿ ಕೇಳಿಸಿಕೊಂಡರು.

“ತಪ್ಪು ಅದಾವಂತ ಯಾರು ಹೇಳಿದ್ರು?”

“ಪರದೆ ಮ್ಯಾಲ ಬಂತ್ರಿ ಅಜ್ಜಾರ. ಕೆಂಪ ಅಕ್ಷರದಾಗ.”

“ಕಂಪ್ಯೂಟರ ಕೆಟ್ಟಿತ್ತೇನು?”

“ಇಲ್ರಿ.”

“ಮೊದಲಿಗಿಂತ ಸಾವಕಾಶ ನಡೀತಿತ್ತೇನು?”

“ಇಲ್ರಿ.”

“ಬಸಲಿಂಗವ್ವ ಏನರ ದೂರಿದ್ರೇನು?”

“ಇಲ್ರಿ. ಆದರ ತಪ್ಪು ಅದಾವ ಅಂದ ಮ್ಯಾಲ ಸುಮ್ಮನ ಹ್ಯಾಂಗ ಇರೂದ್ರಿ?”

ಆರು ವರ್ಷದಲ್ಲಿ ಅಡಿವೆಪ್ಪ ಅಜ್ಜನವರ ಏರಿದ ದನಿ ಕೇಳಿರಲಿಲ್ಲ. ಅಂದು ಕೇಳಿದ.

“ಗುರುತು ಪರಿಚಯ ಇಲ್ಲದವ ಬಾಗಿಲಿಗೆ ಬಂದು, ನಿಮ್ಮ ಮನಿ ಮಂದಿಗೆ ರೋಗ ಐತಿ ಅಂತ ಕೂಗ್ಯಾನ. ನೀ ಅವನ ಕೈಯಾಗ ಚಾಕು ಕೊಟ್ಟು ಒಳಗ ಕರಕೊಂಡಿ! ನಾಡಿ ಹಿಡಿದು ನೋಡೂವಷ್ಟರ ತಾಳ್ಮಿ ಬ್ಯಾಡೇನು?”

ಅಡಿವೆಪ್ಪ ತಲೆ ತಗ್ಗಿಸಿದ. ಒಳಗೆ ಮಾತ್ರ ಕುದಿಯುತ್ತಿದ್ದ. ಆಶ್ರಮದಲ್ಲಿ ತನ್ನಷ್ಟು ದುಡಿದವರು ಯಾರು? ಒಂದು ಗುಂಡಿ ಒತ್ತಿದ್ದಕ್ಕೆ ಇಷ್ಟು ಮಾತೇ?

ಮಾತಿನ ತಂತ್ರಾಂಶ ಹಾಕಿಕೊಟ್ಟವಳು ಪಟ್ಟಣದ ಶಹನಾಜ್. ಫೋನ್ ಮಾಡಿದರೆ, ಗುರುವಾರ ಬರುತ್ತೇನೆ, ಅಲ್ಲಿಯವರೆಗೆ ಏನನ್ನೂ ಮುಟ್ಟಬೇಡಿ ಎಂದಳು. ಅಂದು ಸೋಮವಾರ.

“ಬರೂ ತನಕ ಬಸಲಿಂಗವ್ವಾರು ವಿಶ್ರಾಂತಿ ತಗೋಳ್ಳಿ,” ಎಂದ ಅಡಿವೆಪ್ಪ.

“ಅವರಿಗೆ ಯಾಕ ವಿಶ್ರಾಂತಿ?” ಎಂದರು ಅಜ್ಜನವರು. “ನೀ ಕಿತ್ತದ್ದು ಒಂದು ಬಾಯಿ. ಅದು ತಿರುಗಿ ಬರೂ ತನಕ ನಿನ್ನ ಬಾಯಿ ಕೊಡು.”

ಹೀಗೆ ಅಡಿವೆಪ್ಪ ಬಸಲಿಂಗವ್ವನ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತ. ಅವರು ಒಂದೊಂದು ಅಕ್ಷರ ಒತ್ತಿದಾಗಲೂ ಪರದೆ ನೋಡಿ ಅದನ್ನು ಹೇಳಬೇಕು. ಸಾಲು ಮುಗಿದಾಗ ಪೂರ್ತಿ ಓದಬೇಕು.

ಮೊದಲ ದಿನವೇ ಗಂಟಲು ಒಣಗಿತು. ಎರಡನೆಯ ದಿನ ಅವನು ಪರದೆ ನೋಡುವುದನ್ನು ಬಿಟ್ಟು “ಸರಿ ಅದ್ರಿ, ಸರಿ ಅದ್ರಿ” ಎನ್ನತೊಡಗಿದ.

ಬಸಲಿಂಗವ್ವ ಬೇಕೆಂದೇ ಒಂದು ತಪ್ಪು ಅಕ್ಷರ ಒತ್ತಿದರು.

“ಸರಿ ಅದ್ರಿ.”

“ಎಲ್ಲಿ ಸರಿ ಅದ?” ಅವರು ಮೇಜು ಗುದ್ದಿದರು. “ಇದನ್ನ ಓದಿ ನಾಳೆ ಒಬ್ಬಾಕಿ ಕೂಸು ಹಿಡೀತಾಳ. ಇಲ್ಲದ ತಪ್ಪು ಸಾವಿರ ಕಂಡವಗ ಇದ್ದ ತಪ್ಪು ಒಂದೂ ಕಾಣವಲ್ದೇನು?”

ಅಡಿವೆಪ್ಪ ಸ್ಟೂಲನ್ನು ಪರದೆಯ ಹತ್ತಿರ ಎಳೆದುಕೊಂಡ.

ಬುಧವಾರ ಸಂಜೆ ಅವರು ಒಂದು ಪುಟ ಮುಗಿಸಿದರು. ಅವನು ಕೊನೆಯ ಸಾಲುಗಳನ್ನು ಗಟ್ಟಿಯಾಗಿ ಓದಿದ.

‘ಹುಟ್ಟಿದ ಕೂಸಿನ ಮೈಮೇಲೆ ಬೆಣ್ಣೆಯಂಥ ಬಿಳಿ ಪದರ ಇರುತ್ತದೆ. ಮನೆಯ ಹಿರಿಯರು ಅದನ್ನು ಹೊಲಸು ಎಂದು ಕೂಡಲೇ ಉಜ್ಜಿ ತೊಳೆಯಲು ಅವಸರ ಮಾಡುತ್ತಾರೆ. ತೊಳೆಯಗೊಡಬೇಡಿ. ಅದು ಕೂಸಿನ ಎಳೆ ಚರ್ಮವನ್ನು ಕಾಯುತ್ತದೆ. ಮೊದಲ ದಿನ ಸ್ನಾನ ಬೇಡ, ಬೆಚ್ಚಗಿಡಿ. ಇದಕ್ಕಾಗಿ ನಾನು ಅನೇಕ ಮನೆಗಳಲ್ಲಿ ಜಗಳ ಮಾಡಿದ್ದೇನೆ. ನೀವೂ ಮಾಡಿ.’

ಅವನ ದನಿ ನಡುವೆಯೇ ಸಣ್ಣದಾಗಿತ್ತು.

“ಅಕ್ಷರ ಏನರ ತಪ್ಪ್ಯಾವೇನು?” ಬಸಲಿಂಗವ್ವ ಕೇಳಿದರು.

“ಇಲ್ರಿ ಅವ್ವಾರ. ಈ ಸಲ ಖರೇನ ನೋಡೀನ್ರಿ.”

ಗುರುವಾರ ಶಹನಾಜ್ ಬಂದಳು. ಕಂಪ್ಯೂಟರ್ ತಾನೇ ಇಟ್ಟುಕೊಂಡಿದ್ದ ಹಳೆಯ ಪ್ರತಿಯನ್ನು ಹುಡುಕಿ, ರಿಜಿಸ್ಟ್ರಿಯನ್ನು ಹಿಂದಿನ ವಾರದ ಸ್ಥಿತಿಗೆ ತಂದಳು. ಆ ಸ್ವಚ್ಛತೆಯ ತಂತ್ರಾಂಶವನ್ನು ಕಿತ್ತು ಹಾಕಿದಳು.

“ಕನ್ನಡದ ದನಿ ನಾ ಕೈಯಾರೆ ಹಾಕಿದ್ದೆ. ಅದು ಆ ತಂತ್ರಾಂಶಕ್ಕ ಗುರುತಿಲ್ಲ. ಗುರುತಿಲ್ಲದ್ದನ್ನೆಲ್ಲ ತಪ್ಪು ಅಂತ ಎಣಿಸೇದ,” ಎಂದಳು. ಅವಳಿಗೂ ಸಿಟ್ಟು ಬಂದಿತ್ತು. “ಹಳೇ ಸಾಲು ಸಾವಿರ ಬಿದ್ದಿದ್ರೂ ಕಂಪ್ಯೂಟರಿಗೆ ಭಾರ ಅಲ್ರಿ. ಹೆದರಿಸಿ ತಮ್ಮ ತಂತ್ರಾಂಶ ಹಾಕಿಸಲಿಕ್ಕೆ ಹಂಗ ದೊಡ್ಡ ಸಂಖ್ಯೆ ತೋರಸ್ತಾರ.”

ಬಸಲಿಂಗವ್ವ ಒಂದು ಅಕ್ಷರ ಒತ್ತಿದರು. “ಮ” ಎಂದಿತು ಕಂಪ್ಯೂಟರ್.

ಅವರು ಮತ್ತೆ ಅದೇ ಅಕ್ಷರ ಒತ್ತಿದರು. ಮತ್ತೆ ಒತ್ತಿದರು. ಅಡಿವೆಪ್ಪ ಮೆಲ್ಲಗೆ ಹೊರಗೆ ಬಂದ.

ಅಜ್ಜನವರು ಹೊಳೆಯ ಮೆಟ್ಟಿಲ ಮೇಲೆ ಕೂತಿದ್ದರು. ಅವನು ಎರಡು ಮೆಟ್ಟಿಲು ಕೆಳಗೆ ಕೂತ.

“ಅಜ್ಜಾರ, ಸುಳ್ಳು ಹೇಳಿ ಹೆದರಿಸ್ಯಾರ್ರಿ. ನನ್ನ ಕೈಲೆ ಪಾಪ ಮಾಡಿಸ್ಯಾರ. ನನ್ನ ಹೊಟ್ಟಿ ಉರೀತದ.”

“ನನ್ನದೂ ಉರೀತದ. ಉರೀಲಿ.”

“ಇನ್ನ ಮ್ಯಾಲ ಯಾವುದನ್ನೂ ಸ್ವಚ್ಛ ಮಾಡಂಗಿಲ್ರಿ ನಾ.”

“ಅದೂ ಸೊಕ್ಕಿನ ಮಾತ.”

ಅಡಿವೆಪ್ಪ ಒಂದು ಮೆಟ್ಟಿಲು ಮೇಲೇರಿ ಕೂತ. ಆಮೇಲೆ ಕೇಳಿದ:

“ಹಂಗಾದ್ರ ಸ್ವಚ್ಛ ಮಾಡೂದು ಹ್ಯಾಂಗ್ರಿ ಅಜ್ಜಾರ?”

ಅಜ್ಜನವರು ಹೆಗಲ ಮೇಲಿನ ವಸ್ತ್ರ ಕೊಡವಿ ಎದ್ದರು.

“ಕಸಬರಗಿ ಹಿಡಿಯೂ ಮೊದಲ, ಒಳಗ ಯಾರರ ಅದಾರೇನಂತ ಒಂದ ಸಲ ಕೂಗಿ ಕೇಳು.”