ಅಂಗಳದಲ್ಲಿ ಮೂಡಿದ ಕಾಮನಬಿಲ್ಲು

ಪೂಜ್ಯ ಗುಹೇಶಯ್ಯ ಅಜ್ಜನವರು ಕಲ್ಗುಡ್ಡದ ಮಠದ ಅಂಗಳವನ್ನು ಕೊನೆಯವರೆಗೂ ತಾವೇ ಗುಡಿಸುತ್ತಿದ್ದರು. ಬೆಳಗಿನ ಎಳೆಬಿಸಿಲು ಬೀಳುತ್ತಿದ್ದಂತೆ ತಗಡಿನ ಬಕೆಟ್ಟು ಹಿಡಿದು ಬಂದು, ಧೂಳು ಏಳದಿರಲೆಂದು ಬೊಗಸೆಯಿಂದ ನೀರು ಚಿಮುಕಿಸುವರು. ದಾಸೋಹದ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ನಾನು ಎಷ್ಟು ಸಲ ಆ ಬಕೆಟ್ಟು ಕಸಿಯಲು ಹೋಗಿದ್ದೇನೋ. "ನಿನ್ನ ರೊಟ್ಟಿ ಸೀದೀತು, ಹೋಗವ್ವಾ" ಎಂದು ನಗುವರು.

ಒಂದು ಮುಂಜಾನೆ ಪಕ್ಕದೂರಿನ ಹೈಸ್ಕೂಲಿನ ವಿಜ್ಞಾನದ ಮಾಸ್ತರರು, ಗುರುಪಾದಪ್ಪ ಹಂಚಿನಾಳರು, ಜೋಳದ ಚೀಲ ಹೊತ್ತು ಬಂದರು. ಮಠ, ಸ್ವಾಮಿಗಳು ಎಂದರೆ ಅವರಿಗೆ ಆಗಿಬರುತ್ತಿರಲಿಲ್ಲ. ಅವರ ಹೆಂಡತಿ ಮಹಾನಂದಾ ಮಾತ್ರ ಪ್ರತಿ ಸೋಮವಾರ ಬರುತ್ತಿದ್ದಳು, ನನ್ನ ಪಕ್ಕ ಕೂತು ಕಾಳು ಹಸನು ಮಾಡುತ್ತಿದ್ದಳು. ಆಕೆ ತೀರಿಹೋಗಿ ಮೂರು ತಿಂಗಳಾಗಿತ್ತು. ಚೀಲ ಆಕೆ ಹೊತ್ತಿದ್ದ ಹರಕೆಯದು.

ಚೀಲ ಇಳಿಸಿದರೂ ಮಾಸ್ತರರು ಹೋಗಲಿಲ್ಲ. ನಿಂತೇ ಮಾತು ತೆಗೆದರು.

"ಅಜ್ಜಾರ, ನಾ ಸುಳ್ಳು ಹೇಳಿಲ್ರಿ. ಆಕಿ ತೀರಿಕೊಳ್ಳೂ ಹಿಂದಿನ ದಿನ ಮಳಿ ಆಗಷ್ಟ ನಿಂತಿತ್ತು. ಹಾಸಿಗ್ಯಾಗಿಂದನ ಕಿಡಕಿ ಹೊರಗ ನೋಡಿ, 'ಕಾಮನಬಿಲ್ಲು ಮೂಡೇತಿ, ಒಂದೀಟು ಬರ್ರಿ' ಅಂತ ಕರದ್ಲು. ನಾ ಪೇಪರ್ ತಿದ್ದಾಕ ಹತ್ತಿದ್ದೆ. 'ಹನಿಯೊಳಗ ಬೆಳಕು ಬಾಗತೈತಿ, ಅಷ್ಟ. ಅದರಾಗ ನೋಡೂದೇನೈತಿ' ಅಂದೆ. ಖರೇನ ಹೇಳಿದ್ದು. ಮತ್ಯಾಕ ನಿದ್ದಿ ಬರವಲ್ದು?"

ನನಗೆ ಸಿಟ್ಟು ನೆತ್ತಿಗೇರಿತು. ಹಿಟ್ಟಿನ ಕೈಯಲ್ಲೇ ಹೊರಗೆ ಬಂದೆ. ಅಜ್ಜನವರು ನನ್ನತ್ತ ಒಮ್ಮೆ ನೋಡಿದರು, ಅಷ್ಟೆ, ಅಲ್ಲೇ ನಿಂತೆ.

ಸೂರ್ಯನಿಗೆ ಬೆನ್ನು ಮಾಡಿ ಅವರು ಒಂದು ಬೊಗಸೆ ನೀರನ್ನು ಎತ್ತರಕ್ಕೆ ತೂರಿದರು. ಹನಿಗಳ ನಡುವೆ ಬಿಲ್ಲಿನದೊಂದು ತುಣುಕು ಮೂಡಿ ಮಾಯವಾಯಿತು.

"ಮಾಸ್ತರ, ಈಗ ನನಗ ಕಂಡದ್ದನ ನಿಮಗೂ ಕಂಡಿತೇನು?"

ಪಾಠದ ಮಾತು ಬಂದದ್ದೇ ಮಾಸ್ತರರ ದನಿ ಗಟ್ಟಿಯಾಯಿತು. "ಇಲ್ರಿ. ಸೂರ್ಯ ಬೆನ್ನಿಗಿರಬೇಕು, ಹನಿ ಎದುರಿಗಿರಬೇಕು. ಹನಿಯೊಳಗ ಹೊಕ್ಕ ಬೆಳಕು ಬಣ್ಣ ಬಣ್ಣಾಗಿ ಒಡದು, ಹಿಂದಿನ ಮೈಗೆ ಬಡದು ತಿರುಗಿ ಬರತೈತಿ. ನಿಮ್ಮ ಕಣ್ಣಿಗೆ ಬೆಳಕು ಕಳಿಸಿದ ಹನಿ ಬ್ಯಾರೆ, ನನ್ನ ಕಣ್ಣಿಗೆ ಕಳಿಸಿದ ಹನಿ ಬ್ಯಾರೆ. ಬಾಜೂಕ ನಿಂತರೂ ಒಬ್ಬೊಬ್ಬರಿಗೆ ಒಂದೊಂದು ಬಿಲ್ಲು."

"ಎಷ್ಟು ಚೆಂದ ಹೇಳಿದ್ರಿ" ಎಂದರು ಅಜ್ಜನವರು. "ಇದನ್ನ ಆಕಿಗೆ ಹೇಳಿದ್ರೇನು?"

ಮಾಸ್ತರರು ಹಸಿ ಅಂಗಳದಲ್ಲೇ ಕುಸಿದು ಕೂತು ಅತ್ತರು. ಅಜ್ಜನವರು ಬಕೆಟ್ಟನ್ನು ಅವರ ಪಕ್ಕಕ್ಕಿಟ್ಟು ತಾವು ಕಸಬರಿಗೆ ತೆಗೆದುಕೊಂಡರು.

ಆಮೇಲೆ ಪ್ರತಿ ಸೋಮವಾರ ನೀರು ಚಿಮುಕಿಸುವ ಸೇವೆ ಮಾಸ್ತರರದಾಯಿತು. ಮಠಕ್ಕೆ ಬಂದವರನ್ನೆಲ್ಲ ಪಕ್ಕದಲ್ಲಿ ನಿಲ್ಲಿಸಿಕೊಂಡು ಬಿಲ್ಲು ತೋರಿಸುವರು, ಅದು ಹೇಗೆ ಮೂಡುತ್ತದೆಂದು ಬಿಡಿಸಿ ಬಿಡಿಸಿ ಹೇಳುವರು. ಅಂದಿನ ನನ್ನ ಸಿಟ್ಟು ನೆನೆದರೆ ಈಗ ನನಗೇ ನಾಚಿಕೆ. ಅಜ್ಜನವರು ಲಿಂಗೈಕ್ಯರಾದ ವರ್ಷ ಒಮ್ಮೆ ಕೇಳಿಯೇಬಿಟ್ಟೆ.

"ವಾರಾ ವಾರಾ ಮಂದಿಗೆ ತೋರಸ್ತೀರಿ. ನಿಮಗೂ ಕಾಣತೈತೇನ್ರಿ, ಮಾಸ್ತರ?"

"ನನ್ನದು ನನಗ ಕಾಣತೈತಿ, ಯಕ್ಕಾ" ಎಂದರು. "ಆಕಿ ಕಂಡ ಬಿಲ್ಲು ಮಾತ್ರ ಇನ್ನ ಯಾರಿಗೂ ಕಾಣೂದಿಲ್ಲ. ಅದು ಹೆಂಗಿತ್ತು ಅಂತ ಸೈತ ನಾ ಕೇಳಲಿಲ್ಲ."

ಮತ್ತೆ ಬಕೆಟ್ಟಿಗೆ ಕೈ ಹಾಕಿದರು.